ಕಾಳಿಯ ಜೊತೆ ಮುಠೆಯ ದಂಡೆಯಲ್ಲಿ



ಧ್ವನಿಯಿಂದ ಮಾತ್ರ ಪರಿಚಯವಿರುವ ನಿರೂಪಕಿ ಬೆಳಗಿನ ಹೊತ್ತು ಏನು ಮಾಡುತ್ತಾಳೆ ಎಂದು ನಿಮ್ಮಲ್ಲಿ ಕೆಲವರು ಪತ್ರದಲ್ಲಿ ಕೇಳಿದ್ದುಂಟು. ನಾಯಿ ತಿರುಗಿಸುತ್ತಾಳೆ! ಪುಣೆಯ ಮ್ಹಾತ್ರೆ ಪುಲ್ ಕಡೆಯಿಂದ ಶುರುಮಾಡಿ ಮುಠಾ ನದಿಯ ಪಾತ್ರದೊಳಗೇ ಸಾಗುವ ಆ ಗಟ್ಟಿ ರಸ್ತೆಯ ಮೇಲೆ, ಭಿಡೆ ಪುಲ್ ದಾಟಿ, ಓಂಕಾರೇಶ್ವರದವರೆಗೆ. ಬೆಳಗಿನ ಐದೂವರೆಗೆ ಒಬ್ಬ ಹೆಣ್ಣುಮಗಳು ನದಿ ದಂಡೆಯಲ್ಲಿ ಓಡಾಡಲು ಧೈರ್ಯ ಬೇಕು. ನನ್ನ ಧೈರ್ಯಕ್ಕೆ ನಾಲ್ಕು ಕಾಲು, ಒಂದು ಬಾಲ. ಹೆಸರು ಕಾಳಿ.

ನದಿ ದಂಡೆಯೇ ಏಕೆಂದರೆ ನಮಗೆ ಬೇರೆ ಜಾಗವಿಲ್ಲ. ಮೊದಲ ದಿನ ಹತ್ತಿರದ ಒಂದು ಉದ್ಯಾನಕ್ಕೆ ಹೋದಾಗ ಕಾವಲಿನ ಅಜ್ಜ ಫಲಕ ತೋರಿಸಿದರು. ಸಿಗರೇಟು, ಕ್ರಿಕೆಟ್ಟು, ನಾಯಿ ಮೂರನ್ನೂ ಒಂದೇ ಸಾಲಿನಲ್ಲಿ ನಿಷೇಧಿಸಲಾಗಿತ್ತು. ಫುಟ್‌ಪಾತಿನ ಮೇಲೆ ಸ್ಕೂಟರುಗಳು. ಉಳಿದದ್ದು ನದಿ. ಅಲ್ಲಿ ಫಲಕವಿಲ್ಲ, ಗೇಟಿಲ್ಲ, ಟಿಕೆಟ್ಟಿಲ್ಲ. ವಾಸನೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ನನಗೆ ಅದು ಕೊಳಚೆ ನೀರಿನ ವಾಸನೆ. ಕಾಳಿಗೆ ಅದು ಆ ದಿನದ ಪತ್ರಿಕೆ. ಪ್ರತಿ ಕಂಬವನ್ನೂ ಓದಿಯೇ ಮುಂದೆ ಹೋಗುತ್ತಾಳೆ.

ಅವಳನ್ನು ಕಂಡವರು ಮೊದಲು ಕೇಳುವುದು ಮುಧೋಳವಾ ಎಂದು. ಮರಾಠಿಯವರಾದರೆ ಕಾರವಾನ್ ಅನ್ನುತ್ತಾರೆ. ಸೊಂಟ ಸಣ್ಣ, ಕಾಲು ಉದ್ದ, ಹೀಗಾಗಿ ಅನುಮಾನ ಸಹಜವೇ. 2005ರಲ್ಲಿ ನಮ್ಮ ಅಂಚೆ ಇಲಾಖೆ ಮುಧೋಳ ನಾಯಿಗೆ ಒಂದು ಅಂಚೆ ಚೀಟಿಯನ್ನೇ ತಂದಿತು, ಅಂಥ ಮನೆತನ ಅದು. ನನ್ನ ಕಾಳಿಗೆ ಮನೆತನವಿಲ್ಲ. ನಾರಾಯಣ ಪೇಟೆಯ ಒಂದು ಚಹಾ ಅಂಗಡಿಯ ಬಾಗಿಲಲ್ಲಿ ಹುಟ್ಟಿದವಳು. ಹೆಸರು ಮಾತ್ರ ಸಾವಿರ ವರ್ಷಕ್ಕಿಂತ ಹಳೆಯದು.

ಬಿ.ಎ.ಯಲ್ಲಿ ಕನ್ನಡ ಓದಿದವರಿಗೆ ಆತಕೂರಿನ ಶಾಸನ ಮರೆಯುವಂಥದ್ದಲ್ಲ. ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ ಸಿಕ್ಕ ಕಲ್ಲು, ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಅವನ ಪರವಾಗಿ ಗಂಗರ ಬೂತುಗ, ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂದರ್ಭ. ಆ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಒಡೆಯ ಮೆಚ್ಚಿ, ಬೇಕಾದ್ದು ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕೃಷ್ಣನ ಬಳಿ ಇದ್ದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ! ಮುಂದೆ ಬೆಳತೂರಿನ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿದ, ಭೂಮಿ ಬಿಟ್ಟ, ಗುಡಿಯ ಗೊರವ ಆ ಕಲ್ಲಿಗೆ ಪೂಜೆ ಸಲ್ಲಿಸಬೇಕೆಂದು ಕಟ್ಟಳೆ ಮಾಡಿದ. ಚೋಳನ ಸಾವು ಮತ್ತು ನಾಯಿಯ ಸಾವು ಎರಡೂ ಒಂದೇ ಕಲ್ಲಿನಲ್ಲಿ. ಕಲ್ಲಿನ ಮೇಲಿರುವ ಚಿತ್ರ ಮಾತ್ರ ಚೋಳನದಲ್ಲ, ನಾಯಿ ಮತ್ತು ಹಂದಿಯದು.

ಈ ಮೂರನೆಯ ಕೃಷ್ಣನ ರಾಜಧಾನಿ ಮಾನ್ಯಖೇಟ, ಅಂದರೆ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ. ಹಾಗಾಗಿ ಕಾಳಿ ನಮ್ಮ ಜಿಲ್ಲೆಯ ನಾಯಿ ಎಂದು ನಾನು ಸ್ವಲ್ಪ ಜಂಬದಿಂದ ಹೇಳಿಕೊಳ್ಳುವುದುಂಟು. ಮಳಖೇಡದ ಕಾಗಿಣಾ ಭೀಮೆಗೆ ಸೇರುತ್ತದೆ. ನಾನು ನಡೆಯುವ ಈ ಮುಠೆಯ ನೀರೂ ಕೊನೆಗೆ ಭೀಮೆಗೇ ಸೇರುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಪುಣೆಯಲ್ಲಿ ಕನ್ನಡದವರಾದ ನಾವು ಪರಸ್ಥಳದವರು ಎಂಬ ಸಂಕೋಚ ಕೆಲವರಿಗಿದೆ. ಅಂಥವರಿಗೆ ಒಂದು ಸಂಗತಿ. ಈ ಊರಿನ ಹೆಸರು ಮೊಟ್ಟಮೊದಲು ಕಾಣಿಸುವುದೇ ರಾಷ್ಟ್ರಕೂಟರ ಒಂದನೆಯ ಕೃಷ್ಣನ ತಾಮ್ರಪಟಗಳಲ್ಲಿ, ಕ್ರಿ.ಶ. 758 ಮತ್ತು 768ರಲ್ಲಿ, ಪುಣ್ಯ ವಿಷಯ, ಪೂನಕ ವಿಷಯ ಎಂಬ ರೂಪಗಳಲ್ಲಿ. ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಹೆ ಅದೇ ಕಾಲದ್ದು. ನನ್ನ ನಡಿಗೆಯ ದಾರಿಯಿಂದ ಅದು ಕೂಗಳತೆಯ ದೂರ. ಒಳಗೆ ನಾಯಿಗೆ ಪ್ರವೇಶವಿಲ್ಲ, ಸರಿ. ಹೊರಗೆ ನಿಂತು ಇಬ್ಬರೂ ಕೈ ಮುಗಿಯುತ್ತೇವೆ, ಅಂದರೆ ನಾನು ಮುಗಿಯುತ್ತೇನೆ.

ದಾರಿಯಲ್ಲಿ ಮೊದಲು ಸಿಗುವ ಹಳೆಯ ಗುರುತು ಲಕಡಿ ಪುಲ್. ಈಗ ಅದರಲ್ಲಿ ಕಟ್ಟಿಗೆಯ ಚೂರೂ ಇಲ್ಲ, ಅಧಿಕೃತ ಹೆಸರೂ ಬೇರೆ. ಆದರೂ ಪುಣೆಯವರ ಬಾಯಲ್ಲಿ ಅದು ಕಟ್ಟಿಗೆಯ ಸೇತುವೆಯೇ. 1761ರ ಪಾಣಿಪತ್ ಸೋಲಿನ ನಂತರ ಕಟ್ಟಿದ್ದು. ಸೋತು ಬಂದ ಸೈನಿಕರು ಊರವರ ಕಣ್ಣಿಗೆ ಬೀಳದೆ ಸದ್ದಿಲ್ಲದೆ ಒಳಬರಲಿ ಎಂದು ಪೇಶ್ವೆ ನಾನಾಸಾಹೇಬ ಕಟ್ಟಿಸಿದನೆಂದು ಐತಿಹ್ಯ. ಅದೇ ವರ್ಷ ಅವನೂ ತೀರಿಹೋದ. ಇವತ್ತು ಅದರ ಮೇಲೆ ಹಾರ್ನುಗಳ ಜಾತ್ರೆ. ಅಲ್ಲಿಂದ ಮುಂದೆ ಓಂಕಾರೇಶ್ವರ, 1730ರ ದಶಕದ ಕೊನೆಯಲ್ಲಿ ಒಂದನೆಯ ಬಾಜೀರಾಯನ ಕಾಲದಲ್ಲಿ ಎದ್ದ ಗುಡಿ. ಬಾಜೀರಾಯನ ತಮ್ಮ ಚಿಮಾಜಿ ಅಪ್ಪಾನ ಸಮಾಧಿ ಇಲ್ಲೇ ಇದೆ. ಕಾಳಿ ಇಲ್ಲಿ ಕಡ್ಡಾಯವಾಗಿ ಕುಳಿತುಕೊಳ್ಳುತ್ತಾಳೆ. ಭಕ್ತಿಯಲ್ಲ, ಗುಡಿಯ ಹೊರಗೆ ಹೂ ಮಾರುವ ಆಜಿ ಬಿಸ್ಕತ್ತು ಕೊಡುತ್ತಾರೆ.

ಈ ದಾರಿಯಲ್ಲಿ ನಡೆಯುತ್ತಾ ನಡೆಯುತ್ತಾ ನನಗೆ ಹೆಚ್ಚು ನೆನಪಾಗುವವರು ಪೇಶ್ವೆಗಳಲ್ಲ, ಮುದ್ದೇನಹಳ್ಳಿಯ ಒಬ್ಬ ಹುಡುಗ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಪುಣೆಯ ಕಾಲೇಜ್ ಆಫ್ ಸೈನ್ಸಿಗೆ ಎಂಜಿನಿಯರಿಂಗ್ ಕಲಿಯಲು ಬಂದವರು. 1883ರ ಪರೀಕ್ಷೆಯಲ್ಲಿ ಮೊದಲಿಗರು. ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಾವು ಕನ್ನಂಬಾಡಿಯ ಜೊತೆ ನೆನೆಯುತ್ತೇವೆ, ಸರಿಯೇ. ಆದರೆ ಅವರ ಕೈ ಪಳಗಿದ್ದು ಈ ಸೀಮೆಯಲ್ಲಿ, ಇದೇ ಮುಠೆಯ ನೀರಿನ ಮೇಲೆ.

ಪುಣೆಯಿಂದ ಮೇಲಕ್ಕೆ ಖಡಕವಾಸಲಾ. ಅಲ್ಲಿ ಕಲ್ಲಿನ ಅಣೆಕಟ್ಟಿನ ಕೆಲಸ 1869ರಲ್ಲಿ ಶುರುವಾಗಿ 1879ರಲ್ಲಿ ಮುಗಿಯಿತು. ಕಟ್ಟಿಸಿದ ಎಂಜಿನಿಯರ್ ಫೈಫ್ ಅವರ ಹೆಸರಿನಿಂದ ಅದಕ್ಕೆ ಲೇಕ್ ಫೈಫ್ ಎಂಬ ಹೆಸರಿತ್ತು. ಮಳೆಗಾಲದಲ್ಲಿ ಹೆಚ್ಚಾದ ನೀರು ಕೋಡಿಯ ಮೇಲಿಂದ ಹರಿದು ವ್ಯರ್ಥವಾಗುತ್ತಿತ್ತು, ಬೇಸಿಗೆಯಲ್ಲಿ ಕಾಲುವೆಗೂ ಊರಿಗೂ ಕೊರತೆ. ಅಣೆಕಟ್ಟನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸುವುದು ಹೇಗೆ? ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಬಾಗಿಲುಗಳನ್ನು ಕೂಡಿಸಿದರು. ಎತ್ತಲು, ಇಳಿಸಲು ಜನ ಬೇಕಿಲ್ಲದ ಬಾಗಿಲುಗಳು ಅವು. ನೀರು ಗುರುತು ಮೀರಿದರೆ ಆ ನೀರಿನ ಬಲದಿಂದಲೇ ತೆರೆಯುತ್ತವೆ, ಗುರುತಿಗೆ ಇಳಿದರೆ ತಾವೇ ಮುಚ್ಚುತ್ತವೆ. ನಡುರಾತ್ರಿ ನೆರೆ ಬಂದರೂ ಕಾವಲುಗಾರನ ನಿದ್ದೆಯನ್ನು ನಂಬಬೇಕಾಗಿಲ್ಲ! 1903ರ ಹೊತ್ತಿಗೆ ಅವು ನಿಂತವು. ಸುಮಾರು ಎಂಟು ಅಡಿ ಹೆಚ್ಚು ನೀರು ನಿಂತಿತು. ಪೇಟೆಂಟು ಅವರ ಹೆಸರಿಗೆ ಬಂದರೂ, ತಾನು ಸರ್ಕಾರದ ನೌಕರ ಎಂದು ಅದರ ಗೌರವಧನ ಬೇಡವೆಂದರು. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೂ ನಮ್ಮ ಕೃಷ್ಣರಾಜಸಾಗರಕ್ಕೂ ಸ್ವಯಂಚಾಲಿತ ಬಾಗಿಲುಗಳು ಹೋದದ್ದು ಇಲ್ಲಿಂದ. ರಾನಡೆ, ಗೋಖಲೆ, ಟಿಳಕರಂಥವರ ಒಡನಾಟ ಅವರಿಗೆ ಸಿಕ್ಕಿದ್ದೂ ಇದೇ ಊರಿನಲ್ಲಿ.

ಈ ಕಥೆಯ ಮುಂದಿನ ಪುಟ ಓದಲು ಮನಸ್ಸು ಬರುವುದಿಲ್ಲ. ಆದರೆ ನದಿಯಲ್ಲಿ ನಡೆಯುವವರು ಅದನ್ನು ಓದದೆ ಬಿಡುವಂತಿಲ್ಲ.

1961ರ ಜುಲೈ 12. ಖಡಕವಾಸಲಾದ ಮೇಲ್ಗಡೆ, ಅಂಬಿ ಎಂಬ ಉಪನದಿಗೆ ಪಾನಶೇತ್ ಎಂಬಲ್ಲಿ ಮಣ್ಣಿನ ಅಣೆಕಟ್ಟು ಕಟ್ಟುತ್ತಿದ್ದರು. ಕೆಲಸ ಪೂರ್ತಿಯಾಗಿರಲಿಲ್ಲ. ನೀರು ಹೊರಬಿಡುವ ತೂಬಿನ ಬಾಗಿಲಿನ ಕೆಲಸವೇ ಬಾಕಿ ಇತ್ತು. ಆದರೂ ಆ ಮಳೆಗಾಲದಲ್ಲೇ ನೀರು ತುಂಬಿಸುವ ಆತುರ. ಮಳೆ ಜೋರಾಯಿತು. ತೂಬಿನ ಮೇಲಿನ ಮಣ್ಣು ಕುಸಿಯತೊಡಗಿತು. 11ರ ರಾತ್ರಿ ಸೇನೆಯ ಜವಾನರು ಮಳೆಯಲ್ಲಿ ನೆನೆಯುತ್ತಾ ಮರಳಿನ ಚೀಲ ಒಟ್ಟಿದರು. ಪುಣೆ ಮಲಗಿತ್ತು. ಬೆಳಿಗ್ಗೆ ಏಳರ ಸುಮಾರಿಗೆ ಪಾನಶೇತ್ ಒಡೆಯಿತು. ಅಷ್ಟೂ ನೀರು ಬಂದು ಬಿದ್ದದ್ದು ಖಡಕವಾಸಲಾದ ಮೇಲೆ. ಆ ಎಂಬತ್ತು ವರ್ಷದ ಹಳೆಯ ಕಲ್ಲಿನ ಗೋಡೆ ಕೆಲವು ಗಂಟೆ ಎದೆಯೊಡ್ಡಿ ನಿಂತಿತು, ನೀರು ಅದರ ತಲೆಯ ಮೇಲಿಂದ ಹರಿಯಿತು. ಆಮೇಲೆ ಅದೂ ಬಿರಿಯಿತು. ಆ ಕೆಲವು ಗಂಟೆಗಳಲ್ಲಿ ಎಷ್ಟು ಜನ ಮೆಟ್ಟಿಲು ಹತ್ತಿ ಬದುಕಿಕೊಂಡರೋ! ಕೇಳುಗರೇ, ಎರಡೂ ಒಟ್ಟಿಗೇ ಹೋಗಿದ್ದರೆ ಗತಿ ಏನು ಎಂದು ಯೋಚಿಸಿ.

ನಾನು ನಾಯಿ ತಿರುಗಿಸುವ ಈ ಇಡೀ ಪಾತ್ರ, ಎರಡು ದಡದ ಡೆಕ್ಕನ್, ನಾರಾಯಣ ಪೇಟೆ, ಶನಿವಾರ ಪೇಟೆ ಎಲ್ಲವೂ ನೀರು. ಲಕಡಿ ಪುಲ್ ಮುಳುಗಿತು. ಓಂಕಾರೇಶ್ವರ ಮುಳುಗಿ, ಮುಳುಗಿಯೂ ನಿಂತಿತು. ಹಳೆಯ ವಾಡೆಗಳ ಮಣ್ಣಿನ ಗೋಡೆಗಳು ನೆನೆದು ಕೂತವು. ನೀರಿಳಿದ ಮೇಲೆ ಉಳಿದದ್ದು ಮೊಣಕಾಲುದ್ದ ಕೆಸರು. ಮನೆ ಕಳೆದುಕೊಂಡವರಿಗೆ ಅರ್ಧಚಂದ್ರಾಕಾರದ ತಗಡಿನ ನಿಸ್ಸೆನ್ ಗುಡಿಸಲುಗಳನ್ನು ಎಬ್ಬಿಸಿದರು. ಗೋಖಲೆ ನಗರ, ಸಹಕಾರ ನಗರ, ಲೋಕಮಾನ್ಯ ನಗರದಂಥ ಬಡಾವಣೆಗಳು ಬೆಳೆದದ್ದರ ಹಿಂದೆ ಈ ನೆರೆಯಿದೆ. ತನಿಖೆಗೆ ಆಯೋಗ ಕೂತಿತು. ಮೊದಲು ನೇಮಕಗೊಂಡ ನ್ಯಾಯಮೂರ್ತಿ ಬಾವಡೇಕರ್ ಕೆಲಸ ಮುಗಿಯುವ ಮೊದಲೇ ತೀರಿಕೊಂಡರು. ವರದಿ ಕೊಟ್ಟದ್ದು ನ್ಯಾಯಮೂರ್ತಿ ನಾಯಕ್. ನನ್ನ ಬಿಡಾರದ ಮಾಲೀಕರ ತಾಯಿ, ಈಗ ತೊಂಬತ್ತರ ಹತ್ತಿರದವರು, ಆ ದಿನದ ಬಗ್ಗೆ ಬಾಯಿ ಬಿಟ್ಟು ಹೇಳುವುದು ಕಡಿಮೆ. ಗೋಡೆಯ ಮೇಲೆ ತಮ್ಮ ತಲೆಗಿಂತ ಮೇಲೆ ಕೈ ಇಟ್ಟು "ಇಥಪರ್ಯಂತ" ಅನ್ನುತ್ತಾರೆ. ಇಲ್ಲಿಯವರೆಗೆ. ಅದು ಮೊದಲ ಮಹಡಿಯ ಗೋಡೆ.

ಅದರ ಹಿಂದಿನ ವರ್ಷ, 1960ರ ಸೆಪ್ಟೆಂಬರ್ 15ರಂದು, ವಿಶ್ವೇಶ್ವರಯ್ಯನವರ ಶತಮಾನೋತ್ಸವಕ್ಕೆ ಅಂಚೆ ಚೀಟಿ ಬಂದಿತ್ತು. ಖಡಕವಾಸಲಾ ಒಡೆದಾಗ ಅವರು ಬದುಕಿದ್ದರು. ಒಂಬತ್ತು ತಿಂಗಳ ನಂತರ, 1962ರ ಏಪ್ರಿಲ್ 14ರಂದು, ಬೆಂಗಳೂರಿನಲ್ಲಿ ತೀರಿಕೊಂಡರು. ಮಧ್ಯರಾತ್ರಿಯ ನೆರೆಗೂ ಮನುಷ್ಯನ ಮರೆವಿಗೂ ಒಟ್ಟಿಗೇ ಉತ್ತರ ಹುಡುಕಿದ್ದ ಎಂಜಿನಿಯರಿಗೆ, ಬಾಗಿಲಿನ ಕೆಲಸ ಮುಗಿಸದೆ ನೀರು ತುಂಬಿಸಿದ ಸುದ್ದಿ ಕೇಳುವ ಕಾಲ ಬಂತಲ್ಲ ಎಂದು ನನಗೆ ಸಂಕಟವಾಗುತ್ತದೆ.

ಈಗ ಈ ರಸ್ತೆಯ ವಿಷಯ. ನದಿಪಾತ್ರದ ರಸ್ತೆ ಎಂದೇ ಇದರ ಹೆಸರು. ನದಿ ಇಲ್ಲದಾಗ ರಸ್ತೆ, ನದಿ ಬಂದಾಗ ನದಿ. ಬೇಸಿಗೆಯಲ್ಲಿ ಸ್ಕೂಟರು, ಸೈಕಲ್ಲು, ಪಾನಿಪುರಿ ಗಾಡಿ, ಗಣಪತಿ ಹಬ್ಬದ ಮುಂಚೆ ಡೋಲು-ತಾಶೆಯ ತಾಲೀಮು. ಮಳೆಗಾಲದಲ್ಲಿ ಖಡಕವಾಸಲಾದಿಂದ ನೀರು ಬಿಟ್ಟರೆ ಮೊದಲು ಮುಳುಗುವುದು ತಗ್ಗಿನ ಭಿಡೆ ಪುಲ್. ಪುಣೆಯಲ್ಲಿ ಮಳೆ ಎಷ್ಟಾಯಿತು ಎಂದು ಮಿಲಿಮೀಟರಿನಲ್ಲಿ ಯಾರೂ ಕೇಳುವುದಿಲ್ಲ, ಭಿಡೆ ಪುಲ್ ಮುಳುಗಿತಾ ಎಂದು ಕೇಳುತ್ತಾರೆ. ಸ್ಟುಡಿಯೋದಲ್ಲಿ ಈ ಸಾಲನ್ನು ನಾನೇ ಎಷ್ಟು ಸಲ ಓದಿದ್ದೇನೋ. 2023ರ ಆಗಸ್ಟಿನಿಂದ ತಲೆಯ ಮೇಲೆ ಮೆಟ್ರೋ ಓಡುತ್ತಿದೆ. ಅದರ ಕಂಬಗಳು ನದಿಯೊಳಗೇ ಕಾಲೂರಿವೆ. ಅದಕ್ಕಾಗಿ ಹಸಿರು ನ್ಯಾಯಮಂಡಳಿಯಲ್ಲಿ ವ್ಯಾಜ್ಯವೂ ನಡೆದಿತ್ತು. ಕಾಳಿಗೆ ಕಂಬಗಳು ಹೆಚ್ಚಾದಷ್ಟೂ ಸಂತೋಷ, ಅವಳ ಅಭಿಪ್ರಾಯ ಬೇರೆ.

ನದಿ ದಂಡೆಯನ್ನು ಹಸನು ಮಾಡುವ ಆಸೆ ಈ ಊರಿಗೆ ಹೊಸದೇನೂ ಅಲ್ಲ. ಸಂಗಮದಲ್ಲಿ ಮುಳಾ ಮತ್ತು ಮುಠಾ ಕೂಡಿದ ಮೇಲೆ ಕೆಳಗಡೆ, ಈಗಿನ ಬಂಡ್ ಗಾರ್ಡನ್ ಬಳಿ, 1850ರಲ್ಲಿ ಒಂದು ಒಡ್ಡು ಎದ್ದಿತು. ವೆಚ್ಚದ ದೊಡ್ಡ ಪಾಲು ಕೊಟ್ಟವರು ಮುಂಬಯಿಯ ಪಾರಸಿ ದಾನಿ ಸರ್ ಜಮ್‌ಶೇಟ್‌ಜಿ ಜೀಜೀಭಾಯ್. ದಂಡೆಯ ಮೇಲೆ ಉದ್ಯಾನ ಬೆಳೆಯಿತು, ದಂಡು ಪ್ರದೇಶದ ಗೋರಾ ಸಾಹೇಬರು ಸಂಜೆ ಗಾಳಿ ಸೇವನೆಗೆ ಬಂದರು, ನಾಯಿಗಳ ಜೊತೆಗೇ ಬಂದಿರಬೇಕು. ಪಕ್ಕದ ಕಲ್ಲಿನ ಕಮಾನುಗಳ ಫಿಟ್ಜೆರಾಲ್ಡ್ ಸೇತುವೆ ಅದೇ ಶತಮಾನದ 60ರ ದಶಕದ್ದು. ಇಂದು ಅಲ್ಲಿ ವಾಹನಗಳ ಓಡಾಟವಿಲ್ಲ, ನಡೆಯುವವರದ್ದೇ ರಾಜ್ಯ.

ಅದೇ ಜಾಗದ ಹತ್ತಿರ ಈಗ ಹೊಸ ದಂಡೆ. ಮುಳಾ, ಮುಠಾ, ಮುಳಾ-ಮುಠಾ ಸೇರಿ ಸುಮಾರು 44 ಕಿಲೋಮೀಟರ್ ಉದ್ದಕ್ಕೆ ದಡ ಕಟ್ಟುವ ಯೋಜನೆಗೆ 2022ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾಯಿತು. ಅಹಮದಾಬಾದಿನ ಸಾಬರಮತಿ ದಂಡೆಯೇ ಮಾದರಿ. ಒಂದು ಭಾನುವಾರ ರಿಕ್ಷಾದವರಿಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ಕಾಳಿಯನ್ನೂ ಕೂರಿಸಿಕೊಂಡು ಆ ಸಿದ್ಧವಾದ ತುಂಡನ್ನು ನೋಡಿ ಬಂದೆ. ನೆಲಕ್ಕೆ ಚೆಂದದ ಕಲ್ಲು ಹಾಸಿದ್ದಾರೆ, ಕೂರಲು ಮೆಟ್ಟಿಲಿದೆ, ಕೆಸರಿಲ್ಲ. ಸುಳ್ಳು ಹೇಳಬಾರದು, ನಡೆಯಲು ಹಿತವಾಗಿತ್ತು. ವಯಸ್ಸಾದವರು, ಗಾಲಿಕುರ್ಚಿಯವರು ನೀರಿನ ಪಕ್ಕ ಬರುವಂತಾಗಿದೆ, ಅದೇನು ಕಡಿಮೆಯಲ್ಲ. ಆದರೆ ಇದಕ್ಕಾಗಿ ಕಡಿಯಬೇಕಾದ ಮರಗಳ ವಿಷಯದಲ್ಲಿ 2023ರಲ್ಲಿ ಪುಣೆಯ ಜನ ಚಿಪ್ಕೋ ಎಂದು ಬೀದಿಗಿಳಿದದ್ದೂ ನಿಜ. ದಡ ಒತ್ತಿದರೆ ನೆರೆಯ ನೀರು ಎತ್ತರಕ್ಕೇರುತ್ತದೆ ಎಂದು ಅವರು ಎತ್ತಿದ ಪ್ರಶ್ನೆ ಸಣ್ಣದಲ್ಲ. ನನಗೆ ಅನ್ನಿಸುವುದಿಷ್ಟು: ಮುಳುಗುವ ರಸ್ತೆಗೆ ನದಿಯ ನೆನಪಿದೆ. ಮುಳುಗುವುದಿಲ್ಲ ಎಂದು ಭರವಸೆ ಕೊಡುವ ರಸ್ತೆಯನ್ನು ಕಂಡರೆ, ಭೀಮಾ ತೀರದಲ್ಲಿ ಹುಟ್ಟಿದ ನನಗೆ ಸ್ವಲ್ಪ ಅಂಜಿಕೆ.

ಹೌದು, ನಾನು ಅಫಜಲಪುರ ತಾಲೂಕಿನವಳು. ಮುಳಾ-ಮುಠಾ ದೌಂಡ್ ತಾಲೂಕಿನಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಅಣೆಕಟ್ಟಿಗೆ, ಅಲ್ಲಿಂದ ಪಂಢರಪುರಕ್ಕೆ, ಅಲ್ಲಿಂದ ನಮ್ಮ ಕಡೆಗೆ. ಪುಣೆಯಲ್ಲಿ ನಾವು ಕೈ ತೊಳೆದ ನೀರು ನಮ್ಮ ಊರಿನ ಮುಂದೆ ಹಾದು, ಕೊನೆಗೆ ರಾಯಚೂರು ಸೀಮೆಯಲ್ಲಿ ಕೃಷ್ಣೆಗೆ ಸೇರುತ್ತದೆ. ಇಷ್ಟು ದೂರದ ಈ ನೀರಿನ ದಾರಿಯಲ್ಲಿ ನಾಯಿಗೆ ಇರುವ ಮರ್ಯಾದೆ ನೋಡಿ ನನಗೇ ಆಶ್ಚರ್ಯವಾಗಿದೆ. ಪಂಢರಪುರದಲ್ಲಿ ರೊಟ್ಟಿ ಕಚ್ಚಿಕೊಂಡು ಓಡಿದ ನಾಯಿಯ ಹಿಂದೆ, ಒಣರೊಟ್ಟಿ ತಿನ್ನಬೇಡ, ತುಪ್ಪ ಹಚ್ಚಿಕೊಡುತ್ತೇನೆ ಎಂದು ನಾಮದೇವ ಬಟ್ಟಲು ಹಿಡಿದು ಓಡಿದ ಕಥೆಯನ್ನು ನಾವೆಲ್ಲ ಕೇಳಿಯೇ ಬೆಳೆದೆವು. ನಮ್ಮ ಗಾಣಗಾಪುರದಲ್ಲಿ, ಭೀಮಾ-ಅಮರ್ಜಾ ಸಂಗಮದ ಕ್ಷೇತ್ರದಲ್ಲಿ, ದತ್ತಾತ್ರೇಯನ ಪಟದ ತುಂಬ ನಾಯಿಗಳು. ನಾಲ್ಕು ನಾಯಿ ಅಂದರೆ ನಾಲ್ಕು ವೇದ ಎಂದು ಅವ್ವ ಹೇಳಿಕೊಟ್ಟಿದ್ದಳು. ಪುಣೆಯ ಹತ್ತಿರದ ಜೇಜುರಿಯಲ್ಲಿ ಖಂಡೋಬನಿಗೂ ನಾಯಿಯ ಜೊತೆ, ಅವನ ಭಕ್ತರು ವಾಘ್ಯಾಗಳು. ಅದೇ ದೇವರು ನಮ್ಮಲ್ಲಿ ಮೈಲಾರಲಿಂಗ. ಕರಿ ಕಂಬಳಿಯ ಗೊರವಯ್ಯನವರು ಜಾತ್ರೆಯಲ್ಲಿ ತಾವೇ ದೇವರ ನಾಯಿಗಳೆಂದು ಬೊಗಳುತ್ತಾ ದೋಣಿಯಲ್ಲಿ ಪ್ರಸಾದ ಉಣ್ಣುವುದನ್ನು ಕಂಡವರಿಗೆ ಗೊತ್ತು. ಆತಕೂರಿನ ಕಾಳಿಯ ಕಲ್ಲಿಗೆ ಪೂಜೆ ಮಾಡಬೇಕಾದವನೂ ಗೊರವನೇ. ಉದ್ಯಾನದ ಫಲಕ ಬರೆಸಿದವರಿಗೆ ಇದನ್ನೆಲ್ಲ ಹೇಳಬೇಕೆನ್ನಿಸುತ್ತದೆ, ಆದರೆ ಕಾವಲಿನ ಅಜ್ಜನದೇನು ತಪ್ಪು?

2020ರ ಅಕ್ಟೋಬರಿನಲ್ಲಿ ಭೀಮೆ ಬಂದಾಗ ನಮ್ಮ ಮನೆಯಲ್ಲೂ ಒಂದು ನಾಯಿ ಇತ್ತು. ಮೋತಿ. ಮೇಲಿನ ಅಣೆಕಟ್ಟುಗಳಿಂದ ಬಿಟ್ಟ ನೀರು ಮತ್ತು ಮಳೆ ಎರಡೂ ಕೂಡಿ ಬಂದಿದ್ದವು. ಬೇವಿನ ಕಟ್ಟೆ ಮುಳುಗಿತು, ಆಮೇಲೆ ಪಡಸಾಲೆ. ದೋಣಿ ಬಂದಾಗ ಅವ್ವನನ್ನೂ ಚಿಕ್ಕಪ್ಪನ ಮಕ್ಕಳನ್ನೂ ಹತ್ತಿಸಿಕೊಂಡರು. ನಾಯಿಗೆ ಜಾಗ ಇರಲಿಲ್ಲ. ದೋಣಿಯವರು ಮಾಡಿದ್ದು ಸರಿ, ಮಂದಿ ಮೊದಲು. ಅವ್ವ ಸರಪಳಿ ಬಿಚ್ಚಿ ಬಂದಳು. ನೀರಿಳಿದ ಮೇಲೆ ಹದಿನೈದು ದಿನ ಸಂಜೆಗೊಮ್ಮೆ ಹೊಳೆಯ ಕಡೆ ಮುಖ ಮಾಡಿ ಕರೆದಳು. ಮೋತಿ ಬರಲಿಲ್ಲ. ಮರುವರ್ಷ ಚಹಾ ಅಂಗಡಿಯ ಮರಿಯನ್ನು ನಾನು ಎತ್ತಿಕೊಂಡು ಬಂದದ್ದಕ್ಕೆ ಅದೂ ಒಂದು ಕಾರಣ. ಕಾಳಿಯನ್ನು ನಾನು ಕಟ್ಟಿ ಹಾಕುವುದಿಲ್ಲ. ನಡೆಯುವಾಗ ಹಗ್ಗ ಇರುತ್ತದೆ, ಅದರ ಇನ್ನೊಂದು ತುದಿ ನನ್ನ ಕೈಯಲ್ಲೇ ಇರುತ್ತದೆ.

2024 ಇನ್ನೊಂದು ಪಾಠ ಕಲಿಸಿತು. ಆ ಮಾರ್ಚಿನಲ್ಲಿ ಭೀಮೆ ಒಣಗಿ, ನೀರು ಬಿಡಿ ಎಂದು ಅಫಜಲಪುರದಲ್ಲಿ ಉಪವಾಸ ಕೂತಿದ್ದರು. ಉಜನಿಯ ನೀರು ಮೈನಸ್ ಲೆಕ್ಕಕ್ಕೆ ಇಳಿದಿತ್ತು. ಜುಲೈ 25ರ ಬೆಳಗಿನ ಜಾವ ಖಡಕವಾಸಲಾದಿಂದ ಬಿಟ್ಟ ನೀರು ಸುಮಾರು 35,000 ಕ್ಯೂಸೆಕ್ ಮುಟ್ಟಿತು. ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿತು. ನನ್ನ ನಡಿಗೆಯ ದಾರಿಯಲ್ಲೇ ಇರುವ ಪುಲಾಚಿ ವಾಡಿಯಲ್ಲಿ ಮೂವರು ಯುವಕರು ವಿದ್ಯುತ್ ತಗುಲಿ ತೀರಿಕೊಂಡರು. ಹಿಂದಿನ ದಿನ ಬೆಳಿಗ್ಗೆ ಅಲ್ಲಿ ಕಾಳಿಯೊಂದಿಗೆ ಹಾದುಹೋಗಿದ್ದೆ. ಸ್ಟುಡಿಯೋಗೆ ಹೊರಟಾಗ ಅವ್ವನ ಫೋನು.

"ಯವ್ವಾ, ಖಡಕವಾಸಲಾದಾಗ ನೀರು ಬಿಟ್ಟಾರಂತಲ್ಲ? ಎಷ್ಟ್ ಬಿಟ್ಟಾರ?"

ಹೇಳಿದೆ. ಹೆದರಬೇಡ, ಉಜನಿ ಖಾಲಿ ಇದೆ, ಅಲ್ಲೇ ನಿಲ್ಲುತ್ತದೆ, ನಿಮ್ಮವರೆಗೆ ಬರುವುದಿಲ್ಲ ಎಂದು ಸಮಾಧಾನ ಮಾಡಲು ಹೋದೆ. ಆ ಕಡೆ ಒಂದು ಕ್ಷಣ ಮಾತಿಲ್ಲ.

"ಬರಂಗಿಲ್ಲೇನು?" ಅಂದಳು. ಅವಳ ದನಿಯಲ್ಲಿ ಇದ್ದದ್ದು ಹೆದರಿಕೆಯಲ್ಲ, ನಿರಾಸೆ. "ಬಾವ್ಯಾಗ ನೀರಿಲ್ಲವ್ವ. ಬಂದಿದ್ರ ಚಲೋ ಆಗತಿತ್ತು."

ಕಿಟಕಿಯ ಹೊರಗೆ ಆಂಬುಲೆನ್ಸಿನ ಸದ್ದು ಕೇಳುತ್ತಿತ್ತು. ಒಂದೇ ನೀರನ್ನು ಇಲ್ಲಿ ಬೇಡವೆನ್ನುವವರೂ ಅಲ್ಲಿ ಬೇಕೆನ್ನುವವರೂ ಒಂದೇ ಫೋನಿನ ಎರಡು ತುದಿಯಲ್ಲಿದ್ದೆವು. ಆ ದಿನ ಕನ್ನಡ ಕಾರ್ಯಕ್ರಮದಲ್ಲಿ ನೀರಿನ ಅಂಕಿ ಓದುವಾಗ ಯಾವ ದನಿಯಲ್ಲಿ ಓದಬೇಕೆಂದು ತಿಳಿಯದೆ, ಬರಿಯ ಅಂಕಿಯನ್ನು ಓದಿದೆ. ಆಗಸ್ಟಿನಲ್ಲಿ ಉಜನಿ ತುಂಬಿತು.

ಮರುವರ್ಷ, 2025ರ ಸೆಪ್ಟೆಂಬರ್ ಕೊನೆಗೆ, ಭೀಮೆ ಮತ್ತೆ ಉಕ್ಕಿ ಬಂದಳು. ಈ ಸಲ ಉಜನಿಯ ನೀರಿನ ಜೊತೆ ಸೀನಾ ನದಿಯದೂ ಸೇರಿತ್ತು. ಎರಡು ದಿನ ಮೊದಲೇ ಅವ್ವನಿಗೆ ಫೋನು ಮಾಡಿ ಹೊರಡು ಎಂದೆ. ಮನೆಯಲ್ಲಿ ಈಗ ಇನ್ನೊಂದು ನಾಯಿ ಇದೆ, ಮೋತಿಯಂಥದೇ ಬಿಳಿ, ಹೆಸರಿಟ್ಟಿಲ್ಲ, ನಾಯಿ ಎಂದೇ ಕರೆಯುತ್ತಾಳೆ. ಟಂಟಂ ಸಿಗಲಿಲ್ಲವೋ, ನಾಯಿಯನ್ನು ಹತ್ತಿಸಿಕೊಳ್ಳಲಿಲ್ಲವೋ ಗೊತ್ತಿಲ್ಲ. ರಾತ್ರಿ ಎಂಟಕ್ಕೆ ಸೋದರಮಾವನ ಊರಿನಿಂದ ಫೋನು ಬಂತು. ಹೊಳೆಗುಂಟ ಇರುವ ಡಾಂಬರು ರಸ್ತೆಯ ಮೇಲೆ ಆರು ಕಿಲೋಮೀಟರ್ ನಡೆದು ಹೋಗಿದ್ದಳು, ತಲೆಯ ಮೇಲೆ ಒಂದು ಗಂಟು, ಕೈಯಲ್ಲಿ ಎತ್ತಿನ ಹಗ್ಗ ಕಟ್ಟಿದ ನಾಯಿ.

"ಮಂದಿ ಎಲ್ಲ ನೋಡಿ ನಕ್ಕರವ್ವ," ಅಂದಳು. "ನಗಲಿ ಬಿಡು. ನಿನ್ನಂಗ ನಾನೂ ನಾಯಿ ಹಿಡ್ಕೊಂಡು ವಾಕಿಂಗ್ ಮಾಡೀನಿ ನೋಡು."